ಬ್ಯಾರಿಸ್ಟರರ ಎರಡನೆಯ ಸನ್ನದು



ಕಳೆದ ತಿಂಗಳು ಒಂದು ಭಾನುವಾರ ಸಂಜೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಇಂಗ್ಲೆಂಡಿನಿಂದ ದೂರವಾಣಿ ಮಾಡಿದ್ದಳು. ಹತ್ತನೆಯ ತರಗತಿಯಲ್ಲಿ ಮುಂದಿನ ಬೆಂಚಿನಲ್ಲಿ ಕುಳಿತು, ನಾನು ಇಸವಿ ತಪ್ಪಿ ಹೇಳಿದರೆ ಕೂಡಲೇ ಕೈಯೆತ್ತುತ್ತಿದ್ದ ಹುಡುಗಿ ಅವಳು. ಮುಂದೆ ಕಾನೂನು ಓದಿ, ಜಿಲ್ಲಾ ನ್ಯಾಯಾಲಯದಲ್ಲಿ ಹದಿನಾಲ್ಕು ವರ್ಷ ವಕೀಲಿ ವೃತ್ತಿ ನಡೆಸಿ, ಪತಿಯ ಉದ್ಯೋಗದ ನಿಮಿತ್ತ ಆ ದೇಶಕ್ಕೆ ಹೋದಳು.

"ಸಾರ್, ಇಲ್ಲಿ ನನ್ನ ಸನ್ನದು ನಡೆಯುವುದಿಲ್ಲ. ಸಾಲಿಸಿಟರ್ ಆಗಬೇಕಾದರೆ ಮತ್ತೆ ಪರೀಕ್ಷೆಗೆ ಕೂರಬೇಕು. ಕರಿಕೋಟು ಇನ್ನೂ ಪೆಟ್ಟಿಗೆಯಲ್ಲೇ ಇದೆ" ಎಂದಳು.

"ನೀನು ಬುದ್ಧಿವಂತೆ. ಓದಮ್ಮಾ, ಪಾಸಾಗುತ್ತೀಯ" ಎಂದೆ. ಮೂವತ್ತೈದು ವರ್ಷ ಮಕ್ಕಳಿಗೆ ಇದೇ ಮಾತು ಹೇಳಿ ಅಭ್ಯಾಸವಾದ ನಾಲಿಗೆ.

ಆಕೆ ಕ್ಷಣಕಾಲ ಮೌನವಾಗಿದ್ದು, "ಪಾಸಾಗುವುದು ದೊಡ್ಡದಲ್ಲ ಸಾರ್. ಇಷ್ಟು ವರ್ಷ ಮಾಡಿದ್ದೆಲ್ಲ ಏನಾಯಿತು, ಹೇಳಿ?" ಎಂದಳು.

ನನ್ನಲ್ಲಿ ಉತ್ತರವಿರಲಿಲ್ಲ. ಅಂದು ರಾತ್ರಿ ಕಪಾಟಿನಿಂದ ಗೊರೂರರು ಕನ್ನಡಕ್ಕೆ ತಂದ ಗಾಂಧೀಜಿಯ ಆತ್ಮಕಥೆಯನ್ನು ತೆಗೆದೆ. ಓದುತ್ತ ಹೋದಂತೆ ನನಗೆ ನಾಚಿಕೆಯಾಯಿತು. ಪೀಟರ್‌ಮಾರಿಟ್ಸ್‌ಬರ್ಗ್ ರೈಲು ನಿಲ್ದಾಣದ ಕಥೆಯನ್ನು ನಿಮಗೆಲ್ಲ ವರ್ಷವರ್ಷವೂ ಅಭಿನಯಿಸಿ ಹೇಳಿದೆ. ಅಲ್ಲಿಂದ ನೇರವಾಗಿ ಚಂಪಾರಣ್, ದಂಡಿಗೆ ಹಾರಿಬಿಡುತ್ತಿದ್ದೆ. ನಡುವೆ, ಇಪ್ಪತ್ತನಾಲ್ಕರ ವಯಸ್ಸಿನ ಒಬ್ಬ ವಕೀಲ ಪರದೇಶದ ನ್ಯಾಯಾಲಯದ ಬಾಗಿಲಲ್ಲಿ "ನನ್ನನ್ನು ಒಳಗೆ ಸೇರಿಸಿಕೊಳ್ಳಿ" ಎಂದು ಅರ್ಜಿ ಹಿಡಿದು ನಿಂತ ಪ್ರಸಂಗವೊಂದಿದೆ. ಅದನ್ನು ನಾನು ಎಂದೂ ಪಾಠದಲ್ಲಿ ಹೇಳಲಿಲ್ಲ. ಆ ಬಾಕಿಯನ್ನು ಇಂದು ತೀರಿಸುತ್ತೇನೆ.

ಗಾಂಧೀಜಿ 1888ರಲ್ಲಿ ಲಂಡನ್ನಿಗೆ ಹೋಗಿ ಇನ್ನರ್ ಟೆಂಪಲ್ ಎಂಬ ಕಾನೂನು ಸಂಸ್ಥೆಯನ್ನು ಸೇರಿದರು. ಬ್ಯಾರಿಸ್ಟರಾಗಲು ಅಂದು ಎರಡು ಷರತ್ತುಗಳಿದ್ದವು. ಒಂದು, ಪರೀಕ್ಷೆಗಳಲ್ಲಿ ತೇರ್ಗಡೆಯಾಗುವುದು. ಇನ್ನೊಂದು, ಹನ್ನೆರಡು ಅವಧಿಗಳನ್ನು ಪೂರೈಸುವುದು. ಅವಧಿ ಪೂರೈಸುವುದೆಂದರೆ ಸಂಸ್ಥೆಯ ಭೋಜನಕೂಟಗಳಲ್ಲಿ ನಿಗದಿಯಾದಷ್ಟು ಬಾರಿ ಹಾಜರಾಗುವುದು. ಸಸ್ಯಾಹಾರಿಯಾದ ಅವರಿಗೆ ಅಲ್ಲಿ ದೊರೆಯುತ್ತಿದ್ದುದು ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ, ಎಲೆಕೋಸು ಇಷ್ಟೇ. ಪರೀಕ್ಷೆಯ ವಿಷಯಗಳಲ್ಲಿ ರೋಮನ್ ಕಾನೂನು ಒಂದು. ಟಿಪ್ಪಣಿ ಪುಸ್ತಕ ಓದಿ ಎರಡು ವಾರದಲ್ಲಿ ಅದನ್ನು ಮುಗಿಸುವವರೇ ಹೆಚ್ಚು. ಗಾಂಧೀಜಿ ಮಾತ್ರ ಲ್ಯಾಟಿನ್ ಕಲಿತು ಜಸ್ಟಿನಿಯನ್ನನ ಗ್ರಂಥವನ್ನು ಮೂಲದಲ್ಲೇ ಓದಿದರು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

1891ರ ಜೂನ್ 10ರಂದು ಅವರು ಬ್ಯಾರಿಸ್ಟರಾದರು, ಮರುದಿನ ಅಲ್ಲಿನ ಹೈಕೋರ್ಟಿನಲ್ಲಿ ಹೆಸರು ನೋಂದಾಯಿಸಿದರು, 12ರಂದು ಹಡಗು ಹತ್ತಿದರು. ಕೈಯಲ್ಲಿ ಪ್ರಮಾಣಪತ್ರವಿತ್ತು, ತಲೆಯಲ್ಲಿ ಭಾರತದ ಕಾನೂನು ಇರಲಿಲ್ಲ. ಹಿಂದೂ ಕಾನೂನಾಗಲಿ, ಮುಸ್ಲಿಂ ಕಾನೂನಾಗಲಿ ತಮಗೆ ತಿಳಿದಿರಲಿಲ್ಲವೆಂದು ಅವರೇ ಒಪ್ಪಿಕೊಂಡಿದ್ದಾರೆ. ಹಾಗಾಗಿ ಮುಂಬಯಿಯಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯನ್ನೂ ಸಾಕ್ಷ್ಯ ಅಧಿನಿಯಮವನ್ನೂ ಹೊಸದಾಗಿ ಓದತೊಡಗಿದರು. ಮೊದಲ ಮೊಕದ್ದಮೆ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ, ಶುಲ್ಕ 30 ರೂಪಾಯಿ. ಪಾಟೀಸವಾಲಿಗೆಂದು ಎದ್ದು ನಿಂತಾಗ ತಲೆ ತಿರುಗಿ, ಒಂದು ಪ್ರಶ್ನೆಯೂ ಹೊರಡಲಿಲ್ಲ. ಶುಲ್ಕವನ್ನು ಹಿಂದಿರುಗಿಸಿ, ಬೇರೊಬ್ಬ ವಕೀಲರನ್ನು ಹಿಡಿಯಿರೆಂದು ಹೇಳಿ ಹೊರಬಂದರು.

ಆಮೇಲೆ ನಡೆದುದನ್ನು ಓದಿ ನಾನು ನಕ್ಕೆ, ನಕ್ಕ ಮೇಲೆ ಮನಸ್ಸು ಭಾರವಾಯಿತು. ಪ್ರೌಢಶಾಲೆಯೊಂದಕ್ಕೆ ಇಂಗ್ಲಿಷ್ ಅಧ್ಯಾಪಕರು ಬೇಕು, ದಿನಕ್ಕೆ ಒಂದು ಗಂಟೆ, ಸಂಬಳ 75 ರೂಪಾಯಿ ಎಂಬ ಜಾಹೀರಾತನ್ನು ಕಂಡು ಬ್ಯಾರಿಸ್ಟರ್ ಗಾಂಧಿ ಅರ್ಜಿ ಹಾಕಿದರು. ಪದವೀಧರರಲ್ಲವೆಂದು ಶಾಲೆಯವರು ತಿರಸ್ಕರಿಸಿದರು! ಬಿ.ಎ., ಬಿ.ಎಡ್. ಎಂಬ ಎರಡು ಕಾಗದಗಳ ಬಲದಿಂದ ಜೀವನವಿಡೀ ಅನ್ನ ಉಂಡವನು ನಾನು. ನೇಮಕಾತಿ ಸಮಿತಿಯಲ್ಲಿ ನಾನಿದ್ದಿದ್ದರೆ ನಾನೂ ಅವರ ಅರ್ಜಿಯನ್ನು ಪಕ್ಕಕ್ಕಿಡುತ್ತಿದ್ದೆ. ನಿಯಮ ನಿಯಮವೇ ತಾನೆ?

ರಾಜಕೋಟೆಗೆ ಮರಳಿ ಅರ್ಜಿ, ಮನವಿ ಬರೆದುಕೊಡುತ್ತ ಕಾಲ ಕಳೆಯುತ್ತಿದ್ದಾಗ ದಾದಾ ಅಬ್ದುಲ್ಲಾ ಕಂಪನಿಯ ಕರೆ ಬಂದಿತು. ದಕ್ಷಿಣ ಆಫ್ರಿಕಾದಲ್ಲಿ ಅವರದು 40,000 ಪೌಂಡುಗಳ ದಾವೆ. ಸುಮಾರು ಒಂದು ವರ್ಷದ ಕೆಲಸ. ಪ್ರಯಾಣವೆಚ್ಚ, ಊಟ ವಸತಿಯಲ್ಲದೆ 105 ಪೌಂಡು ಸಂಭಾವನೆ. 1893ರಲ್ಲಿ ಅವರು ಅಲ್ಲಿಗೆ ಹೋದದ್ದು ಕಕ್ಷಿದಾರರ ವಕೀಲರಿಗೆ ಸಹಾಯಕನಾಗಿಯೇ ಹೊರತು ತಾವೇ ವಾದಿಸುವುದಕ್ಕಲ್ಲ. ಡರ್ಬನ್ನಿನ ನ್ಯಾಯಾಲಯಕ್ಕೆ ನೋಡಲೆಂದು ಹೋದಾಗ ಮ್ಯಾಜಿಸ್ಟ್ರೇಟರು ಪೇಟ ತೆಗೆಯಲು ಹೇಳಿದರು. ಇವರು ಒಪ್ಪದೆ ಹೊರನಡೆದರು.

ಪ್ರಿಟೋರಿಯಾದಲ್ಲಿ ಅವರು ಮೊದಲು ಕಲಿತದ್ದು ಲೆಕ್ಕಪತ್ರ. ದಾವೆಯೆಲ್ಲ ವ್ಯಾಪಾರದ ಲೆಕ್ಕವನ್ನೇ ಆಧರಿಸಿತ್ತು. ಪುಸ್ತಕ ಕೊಂಡು ಜಮಾ ಖರ್ಚಿನ ವಿದ್ಯೆ ಕಲಿತು, ಸಂಗತಿಗಳನ್ನು ಅರಗಿಸಿಕೊಂಡ ಮೇಲೆ ಒಂದು ಮಾತು ಅವರಿಗೆ ಸ್ಪಷ್ಟವಾಯಿತು: ವಾದಿ ಪ್ರತಿವಾದಿಗಳು ಬಂಧುಗಳು; ಕೋರ್ಟಿನಲ್ಲಿ ಕಾದಾಡಿದರೆ ಇಬ್ಬರೂ ನಾಶವಾಗುತ್ತಾರೆ. ಪಂಚಾಯಿತಿಗೆ ಒಪ್ಪಿಸಿದರು. ದಾದಾ ಅಬ್ದುಲ್ಲಾ ಗೆದ್ದರು. ಸೋತವರು ಕೊಡಬೇಕಾದ ಸುಮಾರು 37,000 ಪೌಂಡುಗಳನ್ನು ಕಂತುಗಳಲ್ಲಿ ತೀರಿಸುವಂತೆ ಮಾಡಲು ಗಾಂಧೀಜಿಗೆ ಇನ್ನೂ ಹೆಚ್ಚು ಶ್ರಮವಾಯಿತು. ಮುಂಬಯಿಯಲ್ಲಿ ಬಾಯಿ ಬಾರದೆ ಕುಳಿತಿದ್ದವರು ವಕೀಲರಾದದ್ದು ಇಲ್ಲಿ, ಯಾವ ಸನ್ನದೂ ಇಲ್ಲದೆ, ಎಂದು ನನ್ನ ಭಾವನೆ.

ಕೆಲಸ ಮುಗಿಸಿ ಊರಿಗೆ ಹೊರಟವರನ್ನು ಭಾರತೀಯರ ಮತದಾನದ ಹಕ್ಕನ್ನು ಕಸಿಯುವ ಮಸೂದೆ ನಿಲ್ಲಿಸಿತು. ಸಾರ್ವಜನಿಕ ಸೇವೆಗೆ ಹಣ ಪಡೆಯಲು ಅವರು ಒಪ್ಪಲಿಲ್ಲ. ಆಗ ಇಪ್ಪತ್ತರಷ್ಟು ವರ್ತಕರು ಒಂದು ವರ್ಷದ ಮಟ್ಟಿಗೆ ತಮ್ಮ ಕಾನೂನು ಕೆಲಸವನ್ನು ಅವರಿಗೆ ವಹಿಸಲು ಮುಂದಾದರು. ಹಾಗಾದರೆ ನಟಾಲಿನ ಸುಪ್ರೀಂ ಕೋರ್ಟಿನಲ್ಲಿ ಅಡ್ವೊಕೇಟರಾಗಿ ನೋಂದಾಯಿಸಿಕೊಳ್ಳಲೇಬೇಕು.

ಇಲ್ಲೊಂದು ತೊಡಕು. ಮುಂಬಯಿ ಹೈಕೋರ್ಟಿಗೆ ಸೇರುವಾಗ ಇಂಗ್ಲೆಂಡಿನ ಮೂಲ ಪ್ರಮಾಣಪತ್ರವನ್ನು ಅಲ್ಲಿಯೇ ಒಪ್ಪಿಸಬೇಕಾಗಿತ್ತು. ಆದ್ದರಿಂದ ಮುಂಬಯಿಯ ಪ್ರಮಾಣಪತ್ರವನ್ನೂ, ನಡತೆಯ ಬಗೆಗೆ ಯುರೋಪಿಯನ್ ವರ್ತಕರು ಕೊಟ್ಟ ಎರಡು ಪತ್ರಗಳನ್ನೂ ಸಲ್ಲಿಸಿದರು. ವಕೀಲರ ಸಂಘ ವಿರೋಧಿಸಿತು. ಮೂಲ ಪ್ರಮಾಣಪತ್ರವಿಲ್ಲ ಎಂಬುದು ಹೇಳಲು ಒಂದು ನೆಪ. ನಿಜವಾದ ಆಕ್ಷೇಪವೆಂದರೆ, ನಿಯಮ ಮಾಡಿದಾಗ ಬಿಳಿಯನಲ್ಲದವನೊಬ್ಬ ಅರ್ಜಿ ಹಾಕಬಹುದೆಂದು ಯಾರೂ ಊಹಿಸಿರಲಿಲ್ಲ ಎಂಬುದು. ನ್ಯಾಯಾಲಯ ಸಂಘದ ವಾದವನ್ನು ತಳ್ಳಿಹಾಕಿತು. ಕಾನೂನಿನಲ್ಲಿ ಬಣ್ಣದ ಭೇದವಿಲ್ಲವೆಂದು ಮುಖ್ಯ ನ್ಯಾಯಾಧೀಶರು ಹೇಳಿ, 1894ರ ಸೆಪ್ಟೆಂಬರ್ 3ರಂದು ಅವರನ್ನು ಸೇರಿಸಿಕೊಂಡರು.

ಪ್ರಮಾಣವಚನ ಮುಗಿದೊಡನೆ ನ್ಯಾಯಾಧೀಶರು ಇನ್ನೊಂದು ಮಾತು ಹೇಳಿದರು. ವಕೀಲರ ಉಡುಪಿನ ನಿಯಮಕ್ಕೆ ಬದ್ಧರಾಗಿ ಈಗ ಪೇಟ ತೆಗೆಯಬೇಕು. ಹಿಂದಿನ ವರ್ಷ ಪೇಟಕ್ಕಾಗಿ ಕೋರ್ಟಿನಿಂದ ಹೊರನಡೆದಿದ್ದ ಗಾಂಧೀಜಿ ಈ ಬಾರಿ ಅದನ್ನು ತೆಗೆದಿಟ್ಟರು. ದಾದಾ ಅಬ್ದುಲ್ಲಾ ಮತ್ತು ಮಿತ್ರರಿಗೆ ಬೇಸರವಾಯಿತು. ನನಗೂ ಮೊದಲ ಓದಿನಲ್ಲಿ ಚುರುಕ್ಕೆಂದಿತು. ಆದರೆ ಅಂದು ಅವರು ಪ್ರೇಕ್ಷಕ, ಇಂದು ಆ ನ್ಯಾಯಾಲಯದ ಸದಸ್ಯ. ಮುಂದೆ ದೊಡ್ಡ ಹೋರಾಟವಿರುವಾಗ ಶಕ್ತಿಯನ್ನು ಪೇಟದಲ್ಲಿ ವ್ಯಯಿಸಬಾರದೆಂದು ಅವರು ಎಣಿಸಿದರು.

1903ರಲ್ಲಿ ಟ್ರಾನ್ಸ್‌ವಾಲಿನಲ್ಲಿ ಅಟಾರ್ನಿಯಾಗಿ ಮತ್ತೊಮ್ಮೆ ಸೇರಿಕೊಳ್ಳಬೇಕಾಯಿತು. ಇಲ್ಲಿಯೂ ವಿರೋಧ ಬರಬಹುದೆಂಬ ಅಳುಕಿತ್ತು, ಬರಲಿಲ್ಲ. ಮೊದಲು ನೆನಪಿಡಿ ಎಂದಿದ್ದೆನಲ್ಲ, ಆ ಲ್ಯಾಟಿನ್ ಓದು ಫಲ ಕೊಟ್ಟದ್ದು ಈ ನಾಡಿನಲ್ಲಿ. ದಕ್ಷಿಣ ಆಫ್ರಿಕಾದ ಕಾನೂನಿನ ತಳಹದಿ ರೋಮನ್ ಡಚ್ ಕಾನೂನು. ಪರೀಕ್ಷೆಗೆ ಬೇಕಾದುದಕ್ಕಿಂತ ಹೆಚ್ಚಾಗಿ ಓದಿದ ಜಸ್ಟಿನಿಯನ್ ಅದನ್ನು ಅರಿಯಲು ತುಂಬ ನೆರವಾಯಿತೆಂದು ಅವರೇ ಬರೆದಿದ್ದಾರೆ.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. 1922ರ ಮಾರ್ಚಿನಲ್ಲಿ ರಾಜದ್ರೋಹದ ಆಪಾದನೆಯ ಮೇಲೆ ಅವರಿಗೆ ಆರು ವರ್ಷ ಶಿಕ್ಷೆಯಾಯಿತು. ಅದೇ ನವೆಂಬರಿನಲ್ಲಿ ಇನ್ನರ್ ಟೆಂಪಲ್ ಅವರ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿತು. ಮರಳಿ ಸೇರಿಸಿದ್ದು 1988ರಲ್ಲಿ, ಅವರು ಗತಿಸಿ ನಲವತ್ತು ವರ್ಷಗಳ ನಂತರ. ಪಟ್ಟಿಯಲ್ಲಿ ಹೆಸರಿಲ್ಲದ ಆ ಕಾಲದಲ್ಲೇ ಅವರು ದೇಶದ ವಕೀಲರಾಗಿ ವೈಸರಾಯರೊಡನೆ ಮಾತುಕತೆ ನಡೆಸಿದರು.

ನನ್ನ ಶಿಷ್ಯೆಯನ್ನು ತಡೆದಿರುವುದು ಬಣ್ಣದ ನಿಯಮವಲ್ಲ, ಅದನ್ನು ಒಪ್ಪಬೇಕು. ಇಂಗ್ಲೆಂಡಿನಲ್ಲಿ 2021ರಿಂದ ಸಾಲಿಸಿಟರ್ ಆಗಲು ಎಲ್ಲರಿಗೂ ಒಂದೇ ಪರೀಕ್ಷೆ. ನಮ್ಮ ದೇಶವೂ ವಿದೇಶದಲ್ಲಿ ಕಾನೂನು ಓದಿ ಬಂದ ಭಾರತೀಯರಿಗೆ ಅರ್ಹತಾ ಪರೀಕ್ಷೆ ಇಟ್ಟಿದೆ. ಆ ನೆಲದ ಕಾನೂನು ತಿಳಿದವನೇ ಅಲ್ಲಿಯ ಜನರ ಮನೆ, ಆಸ್ತಿ, ಮಕ್ಕಳ ವಿಚಾರದಲ್ಲಿ ವಾದಿಸಬೇಕೆನ್ನುವುದು ಅನ್ಯಾಯವಲ್ಲ. ಆದರೂ ನಲವತ್ತರ ಅಂಚಿನಲ್ಲಿ ಮತ್ತೆ ವಿದ್ಯಾರ್ಥಿನಿಯಾಗುವವಳ ನೋವು ನೋವೇ. "ಓದಮ್ಮಾ, ಪಾಸಾಗುತ್ತೀಯ" ಎಂದದ್ದು ಸಾಲದಾಗಿತ್ತು.

ಅವಳ ಪ್ರಶ್ನೆಗೆ ನನ್ನ ಉತ್ತರ ಇದು. ಸನ್ನದು ಗಡಿ ದಾಟುವುದಿಲ್ಲ. ಕಕ್ಷಿದಾರನ ಮಾತಿನಲ್ಲಿ ಅವನು ಹೇಳದೆ ಬಿಟ್ಟದ್ದನ್ನು ಗುರುತಿಸುವ ಕಿವಿ ಗಡಿ ದಾಟುತ್ತದೆ. ದಾಖಲೆಗಳ ರಾಶಿಯಿಂದ ಸಂಗತಿಯನ್ನು ಹೆಕ್ಕುವ ಕಣ್ಣು, ಜಗಳವಾಡುವ ಇಬ್ಬರನ್ನು ಒಂದು ಚಾಪೆಯ ಮೇಲೆ ಕೂರಿಸುವ ತಾಳ್ಮೆ ಗಡಿ ದಾಟುತ್ತವೆ. ಹದಿನಾಲ್ಕು ವರ್ಷ ಅವಳು ಸಂಪಾದಿಸಿದ್ದು ಇವನ್ನೇ.

ಈ ಬರಹವನ್ನು ಇಲ್ಲಿ ಹಾಕುವ ಮೊದಲು ಅವಳಿಗೆ ಕಳುಹಿಸಿದ್ದೆ. ಎರಡು ದಿನ ಸದ್ದಿರಲಿಲ್ಲ. ಮೂರನೆಯ ದಿನ ಒಂದು ಸಾಲಿನ ಉತ್ತರ ಬಂದಿತು: "ಸಾರ್, ಬ್ಯಾರಿಸ್ಟರ್ ಆದದ್ದು ಜೂನ್ 11 ಎಂದು ಬರೆದಿದ್ದೀರಿ, ಅದು 10 ಅಲ್ಲವೇ?"

ಹೌದಮ್ಮಾ, 10ನೆಯ ತಾರೀಖೇ ಸರಿ. ತಿದ್ದಿದ್ದೇನೆ. ಕೈಯೆತ್ತುವ ಆ ಅಭ್ಯಾಸವನ್ನು ಮಾತ್ರ ಅಲ್ಲಿಯೂ ಬಿಡಬೇಡ.