ಬೊಂಬೆ ಹಬ್ಬಕ್ಕೆ ಬಂದ ನಯಾಪೈಸೆ

ಮಹಾಲಯ ಅಮಾವಾಸ್ಯೆಯಂದು ಹಿರಿಯರಿಗೆ ಸಲ್ಲಬೇಕಾದುದು ಸಂದಿತೆಂದರೆ, ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಬೊಂಬೆಗಳ ಪೆಟ್ಟಿಗೆ ಅಟ್ಟದಿಂದ ಕೆಳಗಿಳಿಯುತ್ತಿದ್ದಿತು. ಮಾರನೆಯ ದಿನವೇ ಆಶ್ವಯುಜ ಶುದ್ಧ ಪಾಡ್ಯ; ಶರದೃತುವಿನ ಮೊದಲ ದಿನ. ಹೊರಗೆ ಮಳೆ ಇನ್ನೂ ಪೂರ್ತಿ ಬಿಟ್ಟಿರುತ್ತಿರಲಿಲ್ಲ. ಒಳಗೆ ಮಕ್ಕಳು ಹಲಗೆ, ಡಬ್ಬ, ಟ್ರಂಕುಗಳನ್ನು ಒಂದರ ಮೇಲೊಂದು ಪೇರಿಸಿ ಬೆಸ ಸಂಖ್ಯೆಯ ಮೆಟ್ಟಿಲು ಕಟ್ಟಿ ಬಿಳಿಯ ಪಂಚೆ ಹಾಸುವರು. ಮನೆಯೊಡತಿ ತನ್ನ ಮದುವೆಯಲ್ಲಿ ತವರಿನವರು ಕೊಟ್ಟ ಪಟ್ಟದ ಬೊಂಬೆಗಳನ್ನು ಹಳೆಯ ಸೀರೆಯ ತುಂಡಿನಿಂದ ಬಿಡಿಸಿ, ಹೊಸ ಬಟ್ಟೆ ಉಡಿಸಿ, ಮೇಲಿನ ಮೆಟ್ಟಿಲಲ್ಲಿ ಕೂರಿಸುವಳು.

1957ರಲ್ಲಿ ಈ ಹಬ್ಬ ಸೆಪ್ಟೆಂಬರ್ ತಿಂಗಳ ಕೊನೆಯ ವಾರದಲ್ಲಿ ಬಂದಿತು. ಸಂಬಳದ ಮನೆಗಳಿಗೆ ಅದು ಕೈ ಬರಿದಾಗಿರುವ ಹೊತ್ತು. ಆದರೆ ಸಂಜೆಯಾದರೆ ಬೀದಿಯ ಹುಡುಗಿಯರೆಲ್ಲ “ಬೊಂಬೆ ಕೂರಿಸಿದ್ದೀರಾ?” ಎಂದು ಬಾಗಿಲಿಗೆ ಬರುವರು. ಅವರ ಕೈಗೆ ಚಕ್ಕುಲಿಯನ್ನೋ ಕೊಬ್ಬರಿ ಮಿಠಾಯಿಯನ್ನೋ ಹಾಕದೆ ಕಳುಹಿಸುವುದುಂಟೆ? ಅರಿಸಿನ ಕುಂಕುಮಕ್ಕೆ ಬಂದವರಿಗೆ ಎಲೆ ಅಡಿಕೆ, ಹೂವು ಬೇಕು. ಒಂಬತ್ತು ದಿನದ ಈ ಮರ್ಯಾದೆಯೆಲ್ಲ ನಿಂತಿದ್ದುದು ಮನೆಯೊಡತಿಯ ಲೆಕ್ಕದ ಮೇಲೆ. ಆ ಲೆಕ್ಕವೇ ಆ ವರ್ಷ ತಲೆಕೆಳಗಾಗಿದ್ದಿತು.

1955ರ ನಾಣ್ಯ ತಿದ್ದುಪಡಿ ಶಾಸನ 1957ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಹದಿನಾರು ಆಣೆಯ ರೂಪಾಯಿ ನೂರು ನಯಾಪೈಸೆಯ ರೂಪಾಯಿಯಾಯಿತು. ಹಳೆಯ ನಾಣ್ಯಗಳೂ ಕೆಲವು ವರ್ಷ ಹೊಸವುಗಳ ಜೊತೆಯಲ್ಲೇ ಓಡಾಡಿದವು. ಆಣೆಯೊಂದಕ್ಕೆ ಆರೂಕಾಲು ನಯಾಪೈಸೆ. ಕಾಲು ನಯಾಪೈಸೆಗೆ ನಾಣ್ಯವಿಲ್ಲ. ಆದ್ದರಿಂದ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಎಂದು ಸರ್ಕಾರವೇ ಕೋಷ್ಟಕ ಮಾಡಿಕೊಟ್ಟಿತು. ಕಾಲಾಣೆ 2 ನಯಾಪೈಸೆಯಾಯಿತು. ಒಮ್ಮೆಗೇ ಒಂದಾಣೆಯ ವೀಳ್ಯದೆಲೆ ಕೊಂಡರೆ 6 ನಯಾಪೈಸೆ. ಅದನ್ನೇ ಕಾಲಾಣೆಯಂತೆ ನಾಲ್ಕು ದಿನ ಕೊಂಡರೆ 8. ದೊಡ್ಡ ವ್ಯಾಪಾರದಲ್ಲಿ ಕಾಣದ ಈ ನಷ್ಟ, ಅಂದಂದಿನದನ್ನು ಅಂದಂದೇ ಕೊಳ್ಳುವ ಮನೆಯಲ್ಲಿ ದಿನವೂ ಕಾಣುತ್ತಿದ್ದಿತು. ಮಗಳನ್ನು ಹಬ್ಬಕ್ಕೆ ಕಳುಹಿಸಿಕೊಡಿರೆಂದು ಬೀಗರಿಗೆ ಬರೆಯುವ ಕಾರ್ಡು ಕೂಡ ಮುಕ್ಕಾಲಾಣೆಯಿಂದ 5 ನಯಾಪೈಸೆಗೆ ಬಂದಿತು.

ನಷ್ಟ ಕಾಸಿನದಷ್ಟೇ ಆಗಿದ್ದರೆ ಹೇಳುವ ಅಗತ್ಯವಿರಲಿಲ್ಲ. 1951ರ ಜನಗಣತಿಯ ಪ್ರಕಾರ ಓದುಬರಹ ಬಲ್ಲ ಹೆಂಗಸರು ದೇಶದಲ್ಲಿ ನೂರಕ್ಕೆ ಒಂಬತ್ತು ಮಂದಿಯೂ ಇರಲಿಲ್ಲ. ಆದರೆ ಓದು ಬಾರದಿದ್ದವರಿಗೆ ಲೆಕ್ಕವೂ ಬಾರದೆಂದು ತಿಳಿಯುವುದು ತಪ್ಪು. ಹಳೆಯ ಲೆಕ್ಕದ ಜೀವವೇ ಅರ್ಧ ಮಾಡುವುದರಲ್ಲಿ ಇದ್ದಿತು. ಹದಿನಾರರ ಅರ್ಧ ಎಂಟು, ಅದರರ್ಧ ನಾಲ್ಕು, ಎರಡು, ಒಂದು, ಎಲ್ಲಿಯೂ ಒಡಕಿಲ್ಲ. ರೂಪಾಯಿಗೆ ಹದಿನಾರು ಆಣೆಯಾದರೆ ಸೇರಿಗೆ ನಾಲ್ಕು ಪಾವು, ಹದಿನಾರು ಚಟಾಕು. ಸೇರಿಗೆ ಎಷ್ಟು ರೂಪಾಯಿಯೋ ಚಟಾಕಿಗೆ ಅಷ್ಟೇ ಆಣೆ! ಇದನ್ನು ಬಲ್ಲವಳಿಗೆ ಸ್ಲೇಟು ಬೇಡ, ಬಳಪ ಬೇಡ. ಅಂಗಡಿಯವನು ಕೈ ಮಡಚಿ ಎಣಿಸುವುದರೊಳಗೆ ಅವಳ ನಾಲಿಗೆಯ ಮೇಲೆ ಉತ್ತರವಿರುತ್ತಿದ್ದಿತು.

ಹೊಸ ಪದ್ಧತಿ ಸುಲಭವಾದುದೇ. ಆದರೆ ಆ ಸೌಲಭ್ಯ ಕಾಗದದ ಮೇಲೆ ಬರೆದು ಕೂಡುವವರದು. ಅಂಗಡಿಗೆ ಹೋಗುವಾಗ ಶಾಲೆಗೆ ಹೋಗುವ ಮಗನನ್ನು ಕರೆದೊಯ್ಯಬೇಕಾಯಿತು. “ಸರಿಯಾಗಿದೆಯೇನೋ ನೋಡಪ್ಪ” ಎಂದು, ಲೆಕ್ಕ ಹೇಳಿಕೊಡುತ್ತಿದ್ದವಳೇ ಕೇಳುವಂತಾಯಿತು. ಮರುವರ್ಷ, 1958ರ ಅಕ್ಟೋಬರಿನಲ್ಲಿ, ಅದೂ ಶರತ್ಕಾಲದಲ್ಲೇ, ಕಿಲೋಗ್ರಾಮಿನ ತೂಕ ದೇಶದ ಕೆಲವೆಡೆ ಬರತೊಡಗಿ, ಮುಂದಿನ ವರ್ಷಗಳಲ್ಲಿ ಎಲ್ಲ ಕಡೆಗೂ ಹಬ್ಬಿತು. ಆಣೆಯ ಜೋಡಿಯಾಗಿದ್ದ ಚಟಾಕೂ ಹೊರಟಿತು.

ಬದಲಾವಣೆ ಬೇಕಾಗಿರಲಿಲ್ಲವೆಂದು ಹೇಳಲಾಗದು. ಊರಿಗೊಂದು ಸೇರು ಇದ್ದ ನಾಡಿನಲ್ಲಿ ಮೋಸ ಹೋಗುತ್ತಿದ್ದವರೂ ಬಡವರೇ. ಅದೇ ಮನೆಯ ಹೆಣ್ಣುಮಕ್ಕಳು ಶಾಲೆಗೆ ಹೋಗಿ ಹೊಸ ಲೆಕ್ಕವನ್ನು ಕಲಿತರು. ಆದರೂ ಒಂದು ತಲೆಮಾರಿನ ಹೆಂಗಸರ ವಿದ್ಯೆ, ಯಾವ ಪುಸ್ತಕದಲ್ಲಿಯೂ ಬರೆದಿಡದ ವಿದ್ಯೆ, ಸದ್ದಿಲ್ಲದೆ ಚಲಾವಣೆ ಕಳೆದುಕೊಂಡಿತೆಂಬುದನ್ನು ಚರಿತ್ರೆ ಬರೆಯುವವರು ಗಮನಿಸಿದಂತಿಲ್ಲ.

1964ರಲ್ಲಿ ನಯಾಪೈಸೆ ತನ್ನ ‘ನಯಾ’ವನ್ನು ಬಿಟ್ಟು ಬರಿಯ ಪೈಸೆಯಾಯಿತು. ಜನರ ಬಾಯಲ್ಲಿ ಮಾತ್ರ 25 ಪೈಸೆ ನಾಲ್ಕಾಣೆಯಾಗಿ, 50 ಪೈಸೆ ಎಂಟಾಣೆಯಾಗಿ ಬಹುಕಾಲ ಉಳಿದವು. 25 ಪೈಸೆಯ ನಾಣ್ಯವೂ 2011ರ ಜೂನ್ ಕೊನೆಗೆ ಚಲಾವಣೆಯಿಂದ ಹೋಯಿತು. ಅಕ್ಕಿ ಅಳೆಯಲು ಪಾವನ್ನು ಬಳಸುವ ಅಡಿಗೆಮನೆಗಳು ಇನ್ನೂ ಇವೆ. ಸರಸ್ವತಿ ಪೂಜೆಯ ದಿನ ಮಕ್ಕಳು ತಮ್ಮ ಪುಸ್ತಕಗಳನ್ನು ದೇವರ ಮುಂದೆ ಇಡುವಾಗ, ಆ ಪಾವನ್ನೂ ಪಕ್ಕದಲ್ಲಿ ಇಟ್ಟರೆ ತಪ್ಪಾಗಲಾರದು. ಅಕ್ಷರವಿಲ್ಲದವಳ ಸರಸ್ವತಿ ಅದರಲ್ಲಿಯೇ ಇದ್ದಳು.