ಶಲ್ಕಕೀಟಗಳ ನಾಮಕರಣ: ಚರಿತ್ರೆಯ ಎರಡು ಪ್ರಸಂಗಗಳು

ಗಿಡಮರಗಳಿಗೆ ಅಂಟಿಕೊಂಡು ರಸ ಹೀರಿ ಬದುಕುವ ಶಲ್ಕಕೀಟಗಳಲ್ಲಿ ಹೊಸ ಜಾತಿಯೊಂದನ್ನು ಗುರುತಿಸಿ ಹೆಸರಿಡುವುದು ಕಷ್ಟತರವಾದ ಕಾರ್ಯ. ಪೈನ್ ಮರದ ಸೂಜಿಯಂತಹ ಎಲೆಗಳ ಮೇಲೆ ಬಾಳುವ ಕವಚಧಾರಿ ಶಲ್ಕಕೀಟವನ್ನೇ ನೋಡೋಣ. ಬೆಳೆದ ಹೆಣ್ಣಿಗೆ ರೆಕ್ಕೆಯಿಲ್ಲ, ಕಾಲಿಲ್ಲ. ಮೇಣದೊಡನೆ ತಾನು ಕಳಚಿದ ಪೊರೆಗಳನ್ನು ಸೇರಿಸಿ ಮಾಡಿಕೊಂಡ ಚಿಪ್ಪಿನಡಿಯಲ್ಲಿ ಅದು ಅಡಗಿರುತ್ತದೆ. ಚಿಪ್ಪನ್ನು ತೆಗೆದು, ದೇಹವನ್ನು ಗಾಜಿನ ಪಟ್ಟಿಯ ಮೇಲೆ ಹರಡಿ, ಉದರದ ತುದಿಯಲ್ಲಿರುವ ಹಾಲೆಗಳನ್ನೂ ರಂಧ್ರಗಳನ್ನೂ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ ಮೇಲೆಯೇ ಜಾತಿಯನ್ನು ನಿರ್ಣಯಿಸಬೇಕು. ಇಷ್ಟು ಶ್ರಮವೇಕೆಂದು ವಿದ್ಯಾರ್ಥಿಗಳು ಕೇಳುವುದುಂಟು. ಉತ್ತರವನ್ನು ನಾವು ಚರಿತ್ರೆಯಲ್ಲಿ ಹುಡುಕಬಹುದು. ಕವಚಧಾರಿಗಳಲ್ಲದಿದ್ದರೂ ಅದೇ ಮಹಾಬಳಗಕ್ಕೆ ಸೇರಿದ ಎರಡು ಕೀಟಗಳ ವೃತ್ತಾಂತ ಇಲ್ಲಿದೆ.

ಮೊದಲನೆಯದು ಕಿರಮಂಜಿ ಹುಳು. ಮೆಕ್ಸಿಕೋದ ಕಿರಮಂಜಿ ಬಣ್ಣವು ಸ್ಪೇನಿಗೆ ಅಪಾರ ಧನವನ್ನು ತರುತ್ತಿದ್ದ ಕಾಲದಲ್ಲಿ, ಭಾರತದಲ್ಲಿಯೂ ಅದನ್ನು ಉತ್ಪಾದಿಸಬೇಕೆಂದು ಈಸ್ಟ್ ಇಂಡಿಯಾ ಕಂಪನಿಯವರು ಹವಣಿಸಿದರು. 1795ರಲ್ಲಿ ಬ್ರೆಜಿಲಿನಿಂದ ಹುಳುಗಳು ಬಂದುವು. ಅವು ಉತ್ತಮವಾದ ಬಣ್ಣ ಕೊಡುವ ಡ್ಯಾಕ್ಟಿಲೋಪಿಯಸ್ ಕಾಕಸ್ ಎಂದು ಭಾವಿಸಲಾಗಿತ್ತು. ವಾಸ್ತವವಾಗಿ ಬಂದುದು ಬಣ್ಣದಲ್ಲಿ ಕೀಳಾದ ಬೇರೊಂದು ಜಾತಿ. ಉದ್ಯಮವು ಕೈಗೂಡಲಿಲ್ಲ. ಆದರೆ ಈ ಹುಳು ಒಂದು ಬಗೆಯ ಪಾಪಾಸುಕಳ್ಳಿಯನ್ನು ನಿರ್ಮೂಲಮಾಡುವುದು ಕಂಡುಬಂದಿತು. 1836–38ರಲ್ಲಿ ಅದನ್ನು ದಕ್ಷಿಣ ಭಾರತದಲ್ಲಿಯೂ ಬಿಡಲಾಯಿತು. ಸಿಂಹಳದ ಕೀಟತಜ್ಞ ಇ. ಇ. ಗ್ರೀನ್ ಅದಕ್ಕೆ 'ಸಿಲೋನಿಕಸ್' ಎಂಬ ಹೆಸರನ್ನಿತ್ತುದು 1896ರಲ್ಲಿ. ಅಂದರೆ ಹುಳು ಬಂದು ಒಂದು ಶತಮಾನ ಕಳೆದ ಮೇಲೆ.

ಆದರೂ ರೈತರ ಸಂಕಟ ತೀರಲಿಲ್ಲ. ಒಪನ್ಶಿಯ ಡಿಲೆನಿ ಎಂಬ ಮತ್ತೊಂದು ಕಳ್ಳಿಯನ್ನು ಈ ಹುಳು ಮುಟ್ಟುತ್ತಿರಲಿಲ್ಲ. 1926ರಲ್ಲಿ ಸಿಂಹಳದಿಂದ ಡ್ಯಾಕ್ಟಿಲೋಪಿಯಸ್ ಒಪನ್ಶಿಯೆ ಎಂಬ ಜಾತಿಯನ್ನು ತಂದು ಬಿಟ್ಟಮೇಲೆ ಆ ಕಳ್ಳಿಯೂ ಕೆಲವೇ ವರ್ಷಗಳಲ್ಲಿ ಹಿಮ್ಮೆಟ್ಟಿತು. ಬರಿಯ ಕಣ್ಣಿಗೆ ಎರಡು ಹುಳುಗಳೂ ಕಳ್ಳಿಯ ಮೇಲೆ ಅಂಟಿದ ಹತ್ತಿಯ ಎಳೆಗಳಂತೆಯೇ ತೋರುವುವು. ಹೊಲಗಳನ್ನು ಬಿಡಿಸಿಕೊಟ್ಟುದು ಕಣ್ಣಿಗೆ ಕಾಣದ ಆ ಜಾತಿಭೇದವೇ. ಈ ಕುಲದ ಜಾತಿಗಳ ಗೊಂದಲವನ್ನು ಡಿ ಲೊಟ್ಟೊ ಅವರು 1974ರಲ್ಲಿ ಪರಿಷ್ಕರಿಸಿದರು.

ಎರಡನೆಯ ಪ್ರಸಂಗ ನಮ್ಮ ನಾಡಿನದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅರಗಿನ ಹುಳುಗಳನ್ನು ಅಭ್ಯಸಿಸಿದ ಎಸ್. ಮಹದೀಹಸನ್ ಅವರು, ಜಾಲಾರಿ ಮರದ ಮೇಲೆ ಅರಗು ಕಟ್ಟುವ ಹುಳುವನ್ನು 1923ರಲ್ಲಿ ಪ್ರತ್ಯೇಕ ಜಾತಿಯೆಂದು ವರ್ಣಿಸಿ 'ಲಕ್ಷಾಡಿಯ ಮೈಸೊರೆನ್ಸಿಸ್' ಎಂದು ಹೆಸರಿಸಿದರು. ಕುಲನಾಮದಲ್ಲಿ ಅರಗಿನ ಸಂಸ್ಕೃತ ಹೆಸರಾದ ಲಾಕ್ಷಾ, ಜಾತಿನಾಮದಲ್ಲಿ ಮೈಸೂರು ನೆಲಸಿವೆ. ಇಂದು ಈ ಹುಳುವನ್ನು ಕೆರಿಯ ಕುಲಕ್ಕೆ ಸೇರಿಸಲಾಗಿದೆ. ಮೈಸೂರಿನ ಹೆಸರು ಮಾತ್ರ ಉಳಿದುಬಂದಿದೆ. ಉತ್ತರ ಭಾರತದ ಅರಗು ಕೃಷಿಕರು ಕುಸುಮಿ, ರಂಗೀನಿ ಎಂಬ ಎರಡು ಬಗೆಗಳನ್ನು ಆಶ್ರಯ ಮರಗಳಿಂದಲೇ ಬೇರ್ಪಡಿಸುತ್ತಾರೆ. ಬೀಜದ ಅರಗು ಮರಕ್ಕೆ ಒಗ್ಗದಿದ್ದರೆ ಫಸಲು ಕೈಗೆ ಹತ್ತದು. ಆದುದರಿಂದ ಹುಳುವಿನ ಜಾತಿಯನ್ನು ಅರಿಯುವುದು ಕೃಷಿಕನ ಸಂಪಾದನೆಯ ಪ್ರಶ್ನೆಯೂ ಹೌದು.

ಹೆಸರಿಡುವುದು ಶಾಸ್ತ್ರದ ಆಡಂಬರವಲ್ಲವೆಂಬುದು ಈ ಎರಡು ಪ್ರಸಂಗಗಳಿಂದ ಸ್ಪಷ್ಟವಾಗುತ್ತದೆ. ಕೀಟವನ್ನು ಸಂಗ್ರಹಿಸುವವರು ಅದರ ಆಶ್ರಯ ಸಸ್ಯ, ಸ್ಥಳ, ದಿನಾಂಕಗಳನ್ನು ತಪ್ಪದೆ ಬರೆದಿಡಬೇಕು. ಮಾದರಿಯನ್ನು ಮುಂದಿನವರ ಪರೀಕ್ಷೆಗೆ ಕಾಯ್ದಿರಿಸಬೇಕು. ಇಂದಿನ ನಿರ್ಣಯವನ್ನು ನಾಳಿನವರು ತಿದ್ದಲು ಸಾಧ್ಯವಾಗುವುದು ಹಾಗೆ ಕಾಯ್ದಿಟ್ಟ ಮಾದರಿಗಳಿಂದಲೇ ಎಂದು ನಾವು ಭಾವಿಸುತ್ತೇವೆ.