ಸ್ವೀಡನ್ ದೇಶದ ಒಂದು ಗಾಯಕವೃಂದ

ಐರೋಪ್ಯ ಸಂಗೀತವೆಂದೊಡನೆ ನಮ್ಮಲ್ಲಿ ಬಹುಮಂದಿಯ ಮನಸ್ಸಿಗೆ ಬರುವುದು ನೂರಾರು ವಾದ್ಯಗಳ ಮೇಳ. ಆದರೆ ವಾದ್ಯದ ಆಸರೆಯೇ ಇಲ್ಲದೆ, ಕೇವಲ ಮನುಷ್ಯಕಂಠಗಳಿಂದ ನಡೆಯತಕ್ಕ ಬಹುಸ್ವರಗಾನವು ಆ ಖಂಡದಲ್ಲಿ ಅಂತಹ ಮೇಳಗಳಿಗಿಂತಲೂ ಪುರಾತನವಾದುದು. ನಾಲ್ಕಾರು ಗುಂಪುಗಳು ನಾಲ್ಕಾರು ಬೇರೆ ಬೇರೆ ರಾಗಗತಿಗಳನ್ನು ಏಕಕಾಲದಲ್ಲಿ ಹಾಡುತ್ತ, ಅವೆಲ್ಲವೂ ಕೂಡಿ ಒಂದೇ ನಾದವಾಗುವುದು ಅದರ ಲಕ್ಷಣ. 16ನೆಯ ಶತಮಾನದಲ್ಲಿ ಇಟಲಿ ಮೊದಲಾದ ದೇಶಗಳಲ್ಲಿ ಪರಾಕಾಷ್ಠೆಗೇರಿದ ಈ ವಿದ್ಯೆಗೆ ಕಳೆದ ಶತಮಾನದಲ್ಲಿ ನವಚೈತನ್ಯವನ್ನು ಕೊಟ್ಟವರಲ್ಲಿ ಉತ್ತರದ ಸ್ವೀಡನ್ ದೇಶದವರು ಅಗ್ರಗಣ್ಯರು. ಅದನ್ನು ‘ಸ್ವೀಡನ್ನಿನ ಪವಾಡ’ವೆಂದು ಕರೆಯುವ ವಾಡಿಕೆಯೂ ಉಂಟು. ಪವಾಡವೆಂಬ ಮಾತು ಅಲ್ಲಿ ಸಲ್ಲದೆಂಬುದು ನನ್ನ ಅಭಿಪ್ರಾಯ. ಏತಕ್ಕೆಂಬುದನ್ನು ಆ ವೃಂದದ ಚರಿತ್ರೆಯಿಂದಲೇ ವಿಚಾರಿಸಬಹುದು.

ಗುಂಪಾಗಿ ಹಾಡುವುದು ಸ್ವೀಡನ್ನಿನವರಿಗೆ ಹೊಸದಲ್ಲ. ಉಪ್ಸಾಲದ ವಿದ್ಯಾಪೀಠದಲ್ಲಿ ‘ಒರ್ಫೇಯ್ ಡ್ರೆಂಗಾರ್’, ಎಂದರೆ ಓರ್ಫಿಯಸನ ಸೇವಕರು, ಎಂಬ ಪುರುಷಗಾಯಕರ ಸಂಘವು 1853ರಲ್ಲಿಯೇ ಹುಟ್ಟಿತು. 1925ರಲ್ಲಿ ಆ ದೇಶಕ್ಕೆ ರೇಡಿಯೋ ಬಂದಿತು. ಅದೇ ವರ್ಷವೇ ರೇಡಿಯೋಗೆ ಸೇರಿದ ಗಾಯಕವೃಂದವೂ ಏರ್ಪಟ್ಟಿತು. ಹಾಡುವವರಿಗೆ ಕೊರತೆಯಿರಲಿಲ್ಲ, ಕೊರತೆಯಿದ್ದುದು ಸೂಕ್ಷ್ಮವಾದ ಕಿವಿಗೆ.

ಎರಿಕ್ ಎರಿಕ್ಸನ್ನರು 1918ರಲ್ಲಿ ಬೂರೋಸ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಕ್ರೈಸ್ತಧರ್ಮೋಪದೇಶಕರಾದುದರಿಂದ ಬಾಲ್ಯದಿಂದಲೂ ಪ್ರಾರ್ಥನಾಗಾನದ ಸಂಸ್ಕಾರವಿದ್ದಿತು. ಸ್ಟಾಕ್‌ಹೋಮಿನಲ್ಲಿ ವ್ಯಾಸಂಗ ಮಾಡುತ್ತಿದ್ದಾಗ ಅವರಿಗೆ ದೊರೆತ ಸಹವಾಸವು ಅಸಾಧಾರಣವಾದುದು. ಬ್ಲೂಮ್‌ಡಾಲ್, ಬೆಕ್, ಲಿಡ್‌ಹೋಲ್ಮ್ ಮೊದಲಾದ ತರುಣ ಸಂಗೀತರಚನಕಾರರು ಸೋಮವಾರಗಳಂದು ಬ್ಲೂಮ್‌ಡಾಲರ ಮನೆಯಲ್ಲಿ ಕಲೆತು, ಹಳೆಯ ಮತ್ತು ಹೊಸ ಸಂಗೀತಗಳನ್ನು ಕುರಿತು ಚರ್ಚಿಸುತ್ತಿದ್ದರು. ಅದಕ್ಕೆ ‘ಸೋಮವಾರದ ಗೋಷ್ಠಿ’ಯೆಂದೇ ಹೆಸರಾಯಿತು. ಎರಿಕ್ಸನ್ನರೂ ಅದರಲ್ಲಿ ಒಬ್ಬರು. ಮಹಾಯುದ್ಧವು ಮುಗಿದ 1945ರಲ್ಲಿ ಅವರು ಕೆಲವು ಮಿತ್ರರನ್ನು ಕೂಡಿಸಿಕೊಂಡು ಒಂದು ಕಿರುವೃಂದವನ್ನು ಕಟ್ಟಿದರು. ದೊಡ್ಡ ದೇವಾಲಯಕ್ಕಲ್ಲದೆ ಸಣ್ಣ ಸಭಾಂಗಣಕ್ಕೆ ತಕ್ಕ ಇಂತಹ ವೃಂದವನ್ನು ಆ ಕಡೆ ‘ಚೇಂಬರ್ ಕಾಯರ್’ ಎನ್ನುವರು. ಅವರ ಉದ್ದೇಶವು ದೊಡ್ಡದೇನೂ ಅಲ್ಲ. ಗ್ರಂಥಗಳಲ್ಲಿ ನಿದ್ರಿಸುತ್ತಿದ್ದ ಹಳೆಯ ಮ್ಯಾಡ್ರಿಗಲ್ ಗೀತೆಗಳನ್ನು ಹಾಡಿ ನೋಡಬೇಕೆಂಬ ಕುತೂಹಲ, ಅಷ್ಟೆ.

ಇಲ್ಲಿ ಶಾರ್ಙ್ಗದೇವನ ಮಾತೊಂದು ನೆನಪಿಗೆ ಬರುತ್ತದೆ. ‘ಸಂಗೀತರತ್ನಾಕರ’ದಲ್ಲಿ ಆತನು ವೃಂದಕ್ಕೆ ಆರು ಗುಣಗಳನ್ನು ಹೇಳಿರುವನು. ಮುಖ್ಯನನ್ನು ಅನುಸರಿಸುವುದು, ಒಂದಾಗಿ ಬೆರೆಯುವುದು, ಧ್ವನಿಗಳ ಸಾದೃಶ್ಯ ಇವುಗಳ ಜೊತೆಗೆ, ಒಬ್ಬನಲ್ಲಿ ಕಡಿದುಹೋದುದನ್ನು ಇನ್ನೊಬ್ಬನು ನಿರ್ವಹಿಸುವುದೂ ಒಂದು. ಸ್ಟಾಕ್‌ಹೋಮಿನ ತರುಣರು ಶಾರ್ಙ್ಗದೇವನ ಹೆಸರನ್ನೂ ಕೇಳಿರಲಾರರು. ಆದರೂ ಉಸಿರು ತೆಗೆದುಕೊಳ್ಳುವ ಒಬ್ಬನ ಎಡೆಯನ್ನು ಪಕ್ಕದವನು ತುಂಬುವುದು ಅವರ ಶಿಕ್ಷಣದ ಮೊದಲ ಪಾಠವೇ ಆಗಿರುವುದು. ಭೇದವಿಷ್ಟೆ: ನಮ್ಮ ವೃಂದಕ್ಕೆ ಆಧಾರಶ್ರುತಿಯುಂಟು, ಅವರಿಗಿಲ್ಲ. ತಂಬೂರಿಯಿಲ್ಲದೆ ಎಂಟು ಬಗೆಯ ರಾಗಗತಿಗಳನ್ನು ಒಟ್ಟಿಗೆ ನಡೆಯಿಸುವಾಗ ಶ್ರುತಿಯು ತಿಳಿಯದಂತೆಯೇ ಕೆಳಗಿಳಿಯುವುದು. ಅದನ್ನು ತಡೆಯತಕ್ಕ ಸಾಧನವು ಪರಸ್ಪರ ಶ್ರವಣವೊಂದೇ. ಕಂಠವನ್ನು ಅಲುಗಿಸದೆ, ಸ್ವರವನ್ನು ನೇರವಾಗಿ ಹಿಡಿಯತಕ್ಕ ಅಭ್ಯಾಸವನ್ನು ಹಳೆಯ ಗೀತೆಗಳು ಅವರಿಗೆ ಕಲಿಸಿದುವು.

ಹೀಗೆ ಹಳೆಯದರಿಂದ ಪಡೆದ ಶಕ್ತಿಯು ಹೊಸದಕ್ಕೆ ಉಪಯೋಗವಾದುದೇ ಈ ಚರಿತ್ರೆಯ ಸಾರಭೂತವಾದ ಭಾಗ. 1947ರಲ್ಲಿ ಲಿಡ್‌ಹೋಲ್ಮರು ಲ್ಯಾಟಿನ್ ಪಾಠಗಳಿಗೆ ‘ಲೌದಿ’ ಎಂಬ ಕೃತಿಯನ್ನು ರಚಿಸಿದರು. ಆ ಕಾಲದ ಗಾಯಕರಿಗೆ ಅದು ಬಲು ಕಠಿಣವಾಗಿದ್ದಿತು. ಆದರೆ ಹಾಡುವೆವೆಂದು ಹಟ ಹಿಡಿದವರು ಪಕ್ಕದಲ್ಲಿಯೇ ಇದ್ದುದರಿಂದ ಕೃತಿಕಾರರಿಗೆ ಧೈರ್ಯವು ಬಂದಿತು. 1956ರಲ್ಲಿ ಅವರು ಎಜ್ರಾ ಪೌಂಡ್ ಕವಿಯ ಪದ್ಯಕ್ಕೆ ಇನ್ನೂ ದುರ್ಗಮವಾದ ಕೃತಿಯನ್ನು ಬರೆದರು. ಗಾಯಕರು ಅಲ್ಲಿಗೂ ಏರಿದರು. ಲೇಖಕನು ಹೊಸ ಮೆಟ್ಟಿಲು ಕಟ್ಟುವುದು, ಗಾಯಕನು ಅದನ್ನೇರಿ ಇನ್ನೊಂದನ್ನು ಕೇಳುವುದು, ಈ ಪರಿಯಾಗಿ ಕೆಲಸವು ನಡೆಯಿತು. 1963ರಲ್ಲಿ ಲಾರ್ಸ್ ಎಡ್‌ಲುಂಡ್ ಎಂಬ ಉಪಾಧ್ಯಾಯರು ‘ಮೋದುಸ್ ನೋವುಸ್’ ಎಂಬ ಪಾಠಪುಸ್ತಕವನ್ನು ಹೊರತಂದರು. ಆಧಾರಷಡ್ಜದ ನೆರವಿಲ್ಲದೆ, ಒಂದು ಸ್ವರದಿಂದ ಇನ್ನೊಂದಕ್ಕಿರುವ ಅಂತರವನ್ನು ಮಾತ್ರ ನೋಡಿ ಹಾಡುವ ಅಭ್ಯಾಸಕ್ರಮವದು. ಜೀವಮಾನವೆಲ್ಲ ಬಾಲಬೋಧೆಯಲ್ಲಿ ಕಳೆದ ನನಗೆ ಮಹಾಕೃತಿಗಳಿಗಿಂತಲೂ ಈ ಪುಸ್ತಕದ ಮೇಲೆಯೇ ಗೌರವವು ಹೆಚ್ಚು. ಪ್ರತಿಭೆಯನ್ನು ಯಾರೂ ಕಲಿಸಲಾರರು, ಸ್ವರಾಂತರವನ್ನು ಕಲಿಸಬಹುದು. ಪವಾಡಕ್ಕೆ ಪಾಠಪುಸ್ತಕವಿರುವುದುಂಟೆ?

1951ರಲ್ಲಿ ಎರಿಕ್ಸನ್ನರಿಗೆ ರೇಡಿಯೋ ವೃಂದದ ನಾಯಕತ್ವವು ಬಂದಿತು. 1982ರವರೆಗೂ ಅವರು ಅದನ್ನು ವಹಿಸಿದ್ದರು. ಕಿರುವೃಂದದ ಶಿಸ್ತು ದೊಡ್ಡ ವೃಂದಕ್ಕೆ ಹರಿಯಿತು, ಸರಕಾರದ ದ್ರವ್ಯವೂ ಒದಗಿತು. ಹಂಗೆರಿಯಿಂದ ಹೊರಬಿದ್ದು ಬಂದಿದ್ದ ಲಿಗೆಟಿಯವರ ‘ರೆಕ್ವಿಯೆಮ್’ ಎಂಬ ಮೃತ್ಯುಶಾಂತಿಗಾನವು 1965ರಲ್ಲಿ ಸ್ಟಾಕ್‌ಹೋಮಿನಲ್ಲಿಯೇ ಪ್ರಥಮವಾಗಿ ಕೇಳಿಬಂದಿತು. ಅದರ ಒಂದು ಭಾಗದಲ್ಲಿ ಗಾಯಕರು 20 ಬೇರೆ ಬೇರೆ ಪಂಕ್ತಿಗಳಾಗಿ ಹೆಣೆದುಕೊಳ್ಳಬೇಕು. ಜೇನುಗೂಡಿನ ಝೇಂಕಾರದಲ್ಲಿ ಒಂದೊಂದು ಹುಳುವಿನ ದನಿಯೂ ತನ್ನ ಸ್ಥಾನದಲ್ಲಿರಬೇಕೆಂದರೆ ಹೇಗೋ ಹಾಗೆ.

ಉತ್ತರದವರ ಗಾನವು ಶುದ್ಧವಾದರೂ ಶೀತಲವೆಂಬ ಆಕ್ಷೇಪವೊಂದುಂಟು. ಅದು ನಿರಾಧಾರವೆಂದು ತಳ್ಳಿಹಾಕಲಾಗದು. ಪರಿಶುದ್ಧಿಯನ್ನೇ ಗುರಿಯಾಗಿಟ್ಟುಕೊಂಡವರಿಗೆ ಈ ಅಪಾಯವು ಸಹಜವಾದುದು. ಆದರೆ ಪೂಲಾಂಕ್ ಎಂಬ ಫ್ರೆಂಚ್ ರಚನಕಾರರು ಜರ್ಮನರು ದೇಶವನ್ನಾಕ್ರಮಿಸಿದ್ದಾಗ, 1943ರಲ್ಲಿ, ಎಲ್ಯುಆರ್ ಕವಿಯ ಸ್ವಾತಂತ್ರ್ಯಪದ್ಯಗಳಿಗೆ 12 ಪಂಕ್ತಿಗಳಲ್ಲಿ ಗುಟ್ಟಾಗಿ ರಚಿಸಿದ ‘ಫಿಗ್ಯೂರ್ ಯುಮೇನ್’ ಎಂಬ ಗಾನವನ್ನು ಎರಿಕ್ಸನ್ನರ ಗಾಯಕರು ಧ್ವನಿಮುದ್ರಿಸಿರುವರು. ಅದರ ಕೊನೆಯ ಆರೋಹಣವನ್ನು ಕೇಳಿದವರು ಶೀತಲವೆಂಬ ಪದವನ್ನು ಸುಲಭವಾಗಿ ಆಡಲಾರರು. ಯುದ್ಧದಿಂದ ದೂರವುಳಿದ ದೇಶದವರ ಕಂಠದಲ್ಲಿ ಈ ಗಾನವು ಹೀಗೆ ನೆಲೆಸಿದುದು ವಿಚಾರಾರ್ಹವಾದ ಸಂಗತಿ.

ಕಂಠವು ನಶ್ವರವಾದುದು, ಗಾಯಕರು ವೃದ್ಧರಾಗುವರು, ಹೊಸಬರು ಬರುವರು. ಆದುದರಿಂದ ಇಂತಹ ವೃಂದದ ಸೊತ್ತು ಎಲ್ಲಿ ಉಳಿಯುವುದೆಂಬುದು ಗಹನವಾದ ಪ್ರಶ್ನೆ. ಎರಿಕ್ಸನ್ನರು ಸ್ಟಾಕ್‌ಹೋಮಿನ ರಾಜಕೀಯ ಸಂಗೀತ ಮಹಾಪಾಠಶಾಲೆಯಲ್ಲಿ ದೀರ್ಘಕಾಲ ಬೋಧಿಸಿ, ತಲೆಮಾರುಗಳ ವೃಂದನಾಯಕರನ್ನು ತಯಾರುಮಾಡಿದರು. ಅಷ್ಟೇ ಮುಖ್ಯವಾದುದು, ವೃತ್ತಿಗಾಯಕರ ಶಿಖರದಲ್ಲಿ ನಿಂತಿದ್ದರೂ ಉಪ್ಸಾಲದ ಹವ್ಯಾಸಿಗಳಾದ ಒರ್ಫೇಯ್ ಡ್ರೆಂಗಾರ್ ಸಂಘವನ್ನು 1951ರಿಂದ 1991ರವರೆಗೆ, ನಲವತ್ತು ವರ್ಷ, ಬಿಡದೆ ನಡೆಸಿದುದು. 1945ರ ಕಿರುವೃಂದವು ಈಗ ಅವರ ಹೆಸರನ್ನೇ ಹೊತ್ತಿರುವುದು. 1997ರಲ್ಲಿ ಅವರಿಗೆ ಪೋಲಾರ್ ಸಂಗೀತ ಬಹುಮಾನವು ದೊರೆಯಿತು. ಅದನ್ನು ಹಂಚಿಕೊಂಡವರು ಅಮೆರಿಕದ ಜನಪ್ರಿಯ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಎಂಬುದು ವಿನೋದವಾಗಿದೆ. 2013ರ ಫೆಬ್ರುವರಿಯಲ್ಲಿ ಎರಿಕ್ಸನ್ನರು ತೀರಿಕೊಂಡರು.

ಅವರು ಬೆಳೆಸಿದ ವಾತಾವರಣದಲ್ಲಿ ಬಂದ ಸ್ಯಾಂಡ್‌ಸ್ಟ್ರಮ್ ಎಂಬ ರಚನಕಾರರು 1986ರಲ್ಲಿ ಒಂದು ವಿಚಿತ್ರವಾದ ಕೆಲಸವನ್ನು ಮಾಡಿದರು. ಇಂಗ್ಲೆಂಡಿನ ಪರ್ಸೆಲ್ 17ನೆಯ ಶತಮಾನದಲ್ಲಿ ಎಂಟು ಪಂಕ್ತಿಗಳಿಗೆ ಬರೆದ ಪ್ರಾರ್ಥನೆಯೊಂದು ಅಪೂರ್ಣವಾಗಿಯೇ ಉಳಿದುದೆಂದು ವಿದ್ವಾಂಸರ ಎಣಿಕೆ. ಸ್ಯಾಂಡ್‌ಸ್ಟ್ರಮ್ಮರು ಅದರ ಒಂದಕ್ಷರವನ್ನೂ ತಿದ್ದದೆ ಹಾಗೆಯೇ ಹಾಡಗೊಟ್ಟು, ಪರ್ಸೆಲ್ಲನ ಲೇಖನಿಯು ನಿಂತ ಕಡೆಯಿಂದ ಮುಂದುವರಿಸಿದರು. ಹಳೆಯ ಸ್ವರಗಳು ಅಲ್ಲಿಂದ ಮೆಲ್ಲಮೆಲ್ಲನೆ ಒಂದರೊಳಗೊಂದು ಕರಗಿ, ನಮ್ಮ ಕಾಲದ ಗಾಢವಾದ ನಾದರಾಶಿಯಾಗಿ ಉಬ್ಬಿ, ಮತ್ತೆ ಇಳಿಯುವುವು.